ಗೇಜ್ ನನ್ನ ಡ್ರಾಯರ್‌ನಲ್ಲಿತ್ತು

ಪೀಣ್ಯದಲ್ಲಿ ನನ್ನದೊಂದು ಸಣ್ಣ ಮಷೀನ್ ಶಾಪ್. ಕಂಪ್ಯೂಟರ್‌ನಿಂದ ನಡೆಯುವ ಎರಡು ಸಿಎನ್‌ಸಿ ಮಷೀನ್, ಒಂದು ಹಳೇ ಲೇತ್, ಆರು ಜನ. ನಾನು ಮೊದಲಿಂದ ಟರ್ನರ್, ಲೇತ್ ಕೆಲಸದವನು. ಹನ್ನೊಂದು ವರ್ಷ ಬೇರೆಯವರ ಹತ್ತಿರ ದುಡಿದು ಆಮೇಲೆ ಸ್ವಂತ ಶೆಡ್ ಹಾಕಿದೆ. ಕೆಲಸ ಬಂದರೆ ಸಾಕು, ಶಾಪ್ ತಾನಾಗೇ ನಡೆಯುತ್ತೆ ಅಂದುಕೊಂಡಿದ್ದೆ.

ಒಂದು ಶನಿವಾರ ಗಿರಾಕಿಯಿಂದ 400 ಬುಷ್ (ನಡುವೆ ತೂತಿರುವ ಲೋಹದ ತುಂಡು) ವಾಪಸ್ ಬಂದವು. ಡ್ರಾಯಿಂಗ್‌ನಲ್ಲಿ ಬೋರ್ (ಒಳಗಿನ ತೂತು) 25 ಎಚ್7. ಅಂದರೆ 25 ಮಿ.ಮೀ.ಗಿಂತ ಹೆಚ್ಚೆಂದರೆ 21 ಮೈಕ್ರಾನ್ (ಮಿ.ಮೀ.ನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ದೊಡ್ಡದಿರಬಹುದು, ಚಿಕ್ಕದಂತೂ ಇರಕೂಡದು. ಒಂದು ಬುಷ್ ಎತ್ತಿಕೊಂಡು ತೂತಿನ ಅಳತೆ ನೋಡುವ ಪ್ಲಗ್ ಗೇಜ್ ಹಾಕಿದೆ. ಒಳಗೆ ಹೋಗಲೇಬಾರದ ನೋ-ಗೋ ತುದಿ ಸಲೀಸಾಗಿ ಇಳಿಯಿತು. ಇನ್ಸರ್ಟ್ (ಲೋಹ ಕತ್ತರಿಸುವ ತುದಿ) ಬದಲಿಸಿದ ಮೇಲೆ ಆಫ್‌ಸೆಟ್, ಅಂದರೆ ಮಷೀನಿಗೆ ಕೊಡುವ ಅಳತೆಯ ಹೊಂದಾಣಿಕೆ, ತಪ್ಪಿತ್ತು. ದೊಡ್ಡದಾದ ತೂತನ್ನು ಚಿಕ್ಕದು ಮಾಡೋಕಾಗಲ್ಲ ಅಲ್ವಾ? ಎಲ್ಲಾ ಸ್ಕ್ರ್ಯಾಪ್.

ಆಪರೇಟರ್ ಹುಡುಗನಿಗೆ ಎಲ್ಲರ ಮುಂದೆ ಬಾಯಿಗೆ ಬಂದ ಹಾಗೆ ಬೈದೆ. ಅವನು ಸುಮ್ನೆ ಕೇಳಿಸಿಕೊಂಡು ಕೊನೆಗೆ ಹೇಳಿದ: "ಗೇಜ್ ನಿಮ್ಮ ಡ್ರಾಯರ್‌ನಲ್ಲಿತ್ತು ಸಾರ್. ಬೀಗ ಹಾಕಿತ್ತು. ನೀವು ಹೊರಗೆ ಹೋಗಿದ್ರಿ."

ಹೌದು. ಕಳೆದುಹೋದೀತು ಅಂತ ಗೇಜು, ರೇಟು, ಗಿರಾಕಿಗಳ ನಂಬರು, ಎಲ್ಲವನ್ನೂ ನಾನೇ ಇಟ್ಟುಕೊಂಡಿದ್ದೆ.

ಸೋಮವಾರ ಬೀಗ ತೆಗೆದೆ. ಮಷೀನ್ ಪಕ್ಕದಲ್ಲೇ ಗೇಜ್, ಒಂದು ನೋಟ್‌ಬುಕ್. ಮೊದಲ ಪೀಸ್ ಅಳೆಯಬೇಕು. ಇನ್ಸರ್ಟ್ ಬದಲಿಸಿದರೆ ಮತ್ತೆ ಅಳೆದು, ಬರೆದು, ಸೈನ್ ಹಾಕಬೇಕು. ಅಳತೆ ಕೆಟ್ಟರೆ ಮಷೀನ್ ನಿಲ್ಲಿಸೋಕೆ ನನ್ನನ್ನು ಕೇಳಬೇಕಾಗಿಲ್ಲ. ಈ ಕೊನೆಯದನ್ನು ಹೇಳುವಾಗ ನನ್ನ ನಾಲಿಗೆ ಎರಡು ಸಲ ತಡವರಿಸಿತು. ನಿಂತ ಮಷೀನ್ ಕಂಡರೆ ಈಗಲೂ ನನಗೆ ಕೈ ತುರಿಸುತ್ತೆ.

ಹಾಗೆ ಸಿಕ್ಕ ಬಿಡುವಿನಲ್ಲಿ ಲೆಡ್ಜರ್ ಹಿಡಿದು ಕೂತೆ. ಪುಸ್ತಕದಲ್ಲಿ ಲಾಭ, ಬ್ಯಾಂಕಲ್ಲಿ ಸೊನ್ನೆ! ಗಿರಾಕಿ ದುಡ್ಡು ಕೊಡೋದು 90 ದಿನಕ್ಕೆ. ಆ ಬಿಲ್ಲಿನ ಜಿಎಸ್‌ಟಿಯನ್ನು ಮಾತ್ರ ನಾನು ಮುಂದಿನ ತಿಂಗಳು 20ರೊಳಗೆ ಕಟ್ಟಬೇಕು. ಸಂಬಳ 7ಕ್ಕೆ. ನಡುವೆ ಓವರ್‌ಡ್ರಾಫ್ಟ್ ಸಾಲ ತೆಗೆದು ಬ್ಯಾಂಕಿಗೆ ಬಡ್ಡಿ ಕಟ್ಟುತ್ತಿದ್ದೆ. ಸಣ್ಣ ಉದ್ಯಮಗಳಿಗಿರುವ 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ನಮ್ಮಂಥವರ ಬಾಕಿ 45 ದಿನ ದಾಟಬಾರದು, ದಾಟಿದರೆ ಬಡ್ಡಿ ಕೇಳಬಹುದು. ಕೇಳಿದವನಿಗೆ ಮುಂದಿನ ಆರ್ಡರ್ ಬರಲ್ಲ, ಅದು ಬೇರೆ ಮಾತು. ಹಾಗಾಗಿ ಜಗಳಕ್ಕೆ ಹೋಗಲಿಲ್ಲ, ಉದ್ಯಮ್ ನಂಬರನ್ನು (ಸಣ್ಣ ಉದ್ಯಮ ಅಂತ ಸರ್ಕಾರ ಕೊಡುವ ನೋಂದಣಿ ಸಂಖ್ಯೆ) ಪ್ರತಿ ಬಿಲ್ಲಿನ ಮೇಲೂ ಹಾಕಿಸಿದೆ. ಸಣ್ಣ ಘಟಕಗಳಿಗೆ ಗಡುವಿನೊಳಗೆ ದುಡ್ಡು ಕೊಡದಿದ್ದರೆ, ಕೊಟ್ಟ ವರ್ಷವೇ ಅದನ್ನು ಖರ್ಚು ಅಂತ ತೋರಿಸಬೇಕು ಎಂಬ ಆದಾಯ ತೆರಿಗೆ ನಿಯಮ ಬಂತು ನೋಡಿ, 2024ರ ಮಾರ್ಚ್‌ನಲ್ಲಿ ಗಿರಾಕಿ ಕಂಪನಿಯ ಅಕೌಂಟ್ಸ್‌ನವರೇ ಫೋನ್ ಮಾಡಿ "ನಿಮ್ಮ ಬಾಕಿ ಎಷ್ಟಿದೆ?" ಅಂದರು.

ಮಂಗಳವಾರ ಈಗ ವಸೂಲಿಗೆ ಮೀಸಲು. ಹೋದ ತಿಂಗಳು ಒಂದು ಕಂಪನಿಯ ರಿಸೆಪ್ಷನ್‌ನಲ್ಲಿ ಕೂತಿದ್ದಾಗ ಅದೇ ಹುಡುಗನ ಫೋನ್ ಬಂತು. "ಒಂದನೇ ಮಷೀನ್ ನಿಲ್ಲಿಸಿದೀನಿ ಸಾರ್. ಬೋರ್ 10 ಮೈಕ್ರಾನ್ ಕಮ್ಮಿ ಬರ್ತಿದೆ." ಸರಿ ಅಂದು ಇಟ್ಟೆ. ಎದ್ದು ಶೆಡ್‌ಗೆ ಓಡಬೇಕು ಅನ್ನಿಸಿತು. ಚೆಕ್ ಇನ್ನೂ ಕೈಗೆ ಬಂದಿರಲಿಲ್ಲ, ಅಲ್ಲೇ ಕೂತೆ.