ಹಿತ್ತಲ ಮಣ್ಣಿನ ವಿಷಶೇಷ: ತರಕಾರಿ ಹಚ್ಚುವ ಮುನ್ನ

ಹುಬ್ಬಳ್ಳಿ-ಧಾರವಾಡದ ಹಿತ್ತಲಿನಲ್ಲಿ ತರಕಾರಿ ಬೆಳೆಯುವವರು ಬೀಜ ಊರುವ ಮೊದಲು ಆ ಜಾಗ ಹಿಂದೆ ಹತ್ತಿಯ ಹೊಲವಾಗಿತ್ತೇ, ಅಲ್ಲಿ ಹಳೆಯ ಎಂಜಿನ್ ಆಯಿಲ್ ಚೆಲ್ಲಿತ್ತೇ, ಪ್ಲಾಸ್ಟಿಕ್ ಕಸ ಸುಡುತ್ತಿದ್ದರೇ ಎಂದು ಓಣಿಯ ಹಿರಿಯರನ್ನು ಕೇಳಬೇಕು. ಎಲ್ಲಕ್ಕಿಂತ ಮುಖ್ಯವಾದ ಕೆಲಸ ಇದೇ ಎಂಬುದು ನನ್ನ ಭಾವನೆ. ಹತ್ತಿಗೆ ಹೊಡೆಯುತ್ತಿದ್ದ, 1989ರಲ್ಲಿ ಭಾರತದ ಕೃಷಿಯಲ್ಲಿ ನಿಷೇಧವಾದ ಡಿಡಿಟಿಯಂತಹ ಕೀಟನಾಶಕಗಳು ನೀರಿನಲ್ಲಿ ಅಷ್ಟಾಗಿ ಕರಗದೆ, ಮಣ್ಣಿನ ಕಣಗಳಿಗೆ ಅಂಟಿಕೊಂಡು ವರ್ಷಗಟ್ಟಲೆ ಉಳಿಯುತ್ತವೆ. ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವು ಅವನ್ನು ಹಿಡಿದಿಟ್ಟು ಬೇರಿಗೆ ಸೇರುವುದನ್ನು ತಗ್ಗಿಸುವುದರಿಂದ, ಎರೆಮಣ್ಣಿಗೆ ಅದನ್ನು ಧಾರಾಳವಾಗಿ ಬೆರೆಸಿರಿ. ಅನುಮಾನವಿದ್ದಲ್ಲಿ, ವಿಷಶೇಷವನ್ನು ಹೆಚ್ಚು ಸೆಳೆದುಕೊಳ್ಳುವ ಗಜ್ಜರಿ (ಕ್ಯಾರೆಟ್), ಮೂಲಂಗಿ, ಕುಂಬಳದ ಬದಲು ಬದನೆ, ಟೊಮೆಟೊ ಹಚ್ಚುವುದು ಲೇಸು. ಗಜ್ಜರಿಯ ಸಿಪ್ಪೆಯಲ್ಲೇ ಹೆಚ್ಚಿನ ಶೇಷವಿರುವುದರಿಂದ ಅದನ್ನು ಹೆರೆಯಲೇಬೇಕು. ಮೆಂತೆ, ಹಕ್ಕರಕಿಯಂತಹ ಸೊಪ್ಪುಗಳಿಗೆ ಅಂಟಿದ ಮಣ್ಣು, ಮಸಿ ಹೋಗುವವರೆಗೆ ನೀರು ಬದಲಿಸಿ ತೊಳೆಯಿರಿ. ಆಯಿಲ್ ವಾಸನೆ ಬರುವ ಮಣ್ಣಿದ್ದರೆ, ಬೇರೆಡೆಯ ಒಳ್ಳೆಯ ಮಣ್ಣು ತುಂಬಿದ ಕುಂಡಗಳಲ್ಲಿ ಮಾತ್ರ ಬೆಳೆಯಿರಿ.