ಸೈಕಲ್ ಕೊಳ್ಳಲು ಚಿಕ್ಕಮಗಳೂರಿನಿಂದ ಹಾಸನಕ್ಕೆ: ಒಂದು ದಿನದ ಅಂಗಡಿ ಸುತ್ತಾಟ

ಹಾಸನದ ಸೈಕಲ್ ಶಾಪುಗಳನ್ನು ಸುತ್ತುವ ಮೊದಲು ಹೋಗಬೇಕಾದ್ದು ನಿಮ್ಮ ಬೀದಿಯ ಪಂಕ್ಚರ್ ಅಂಗಡಿಗೆ, ಅದೂ ಹಿಂದಿನ ದಿನವೇ. ಯಾವ ಅಳತೆಯ ಟ್ಯೂಬು ಇಟ್ಟಿದ್ದಾರೆ, ಡಿಸ್ಕ್ ಬ್ರೇಕಿನ ಪ್ಯಾಡು ಸಿಗುತ್ತದೆಯೇ, ಗೇರ್ ಸೈಕಲ್ ಮುಟ್ಟುತ್ತಾರೆಯೇ ಎಂದು ಕೇಳಿ ಬರೆದುಕೊಳ್ಳಿ. ಸೈಕಲ್ ಎಲ್ಲೇ ಕೊಂಡರೂ ಅದು ಕೈಕೊಡುವುದು ನಿಮ್ಮೂರಿನಲ್ಲಿ.

ಟೈರಿನ ಅಳತೆಯಲ್ಲಿ ಎಡವುವವರೇ ಹೆಚ್ಚು. ‘26 ಇಂಚು’ ಎಂಬ ಒಂದೇ ಹೆಸರಿನಲ್ಲಿ ಒಂದಕ್ಕೊಂದು ಕೂರದ ಟೈರುಗಳಿವೆ: 26×1.95 ಕೂರುವ ರಿಮ್ಮಿನ ಅಡ್ಡಳತೆ 559 ಮಿ.ಮೀ., 26×1⅜ ಕೂರುವುದರದು 590. ಟೈರಿನ ಪಕ್ಕದಲ್ಲಿ 50-559 ಎಂಬಂತೆ ಅಚ್ಚು ಇರುತ್ತದೆ. ಎರಡನೆಯ ಸಂಖ್ಯೆಯನ್ನೇ ನಂಬಿ. 27.5 ಇಂಚಿಗೆ 584, 29 ಇಂಚು ಮತ್ತು 700ಸಿ ಎರಡಕ್ಕೂ 622, ಹಾಲಿನವರ ಹಳೇ ಸೈಕಲ್ಲಿನ 28×1½ಕ್ಕೆ 635. ವಾಲ್ವನ್ನೂ ನೋಡಿ. ಸ್ಕೂಟರಿನಂಥ ದಪ್ಪ ವಾಲ್ವ್ ಇದ್ದರೆ ಪೆಟ್ರೋಲ್ ಬಂಕಿನಲ್ಲೇ ಗಾಳಿ ತುಂಬಿಸಬಹುದು. ಸಪೂರ ಪ್ರೆಸ್ಟಾ ವಾಲ್ವಿಗೆ ಅಡಾಪ್ಟರ್ ಜೇಬಿನಲ್ಲಿರಬೇಕು.

ನೀವೂ ಸೇರಿ ಮೂವರು ಸಾಕು. ಅದಕ್ಕಿಂತ ಹೆಚ್ಚಾದರೆ ಅಂಗಡಿಯವರು ಮಾತಾಡುವುದು ಗುಂಪಿನ ಜೊತೆ, ಕೊಳ್ಳುವವರ ಜೊತೆಯಲ್ಲ. ಒಬ್ಬರು ಓಡಿಸಲಿ, ಒಬ್ಬರು ಹಿಂದಿನಿಂದ ಚಕ್ರ ನೋಡಲಿ, ಒಬ್ಬರು ಬರೆದುಕೊಳ್ಳಲಿ. ಬಡಗಿಗಳು ಬಳಸುವ ಉಕ್ಕಿನ ಟೇಪು, 4, 5, 6 ಮಿ.ಮೀ. ಅಲೆನ್ ಕೀ, 15 ಮಿ.ಮೀ. ಸ್ಪ್ಯಾನರ್, ಒಂದು ಹಳೇ ಬಟ್ಟೆ ಇಟ್ಟುಕೊಳ್ಳಿ.

ಬೇಲೂರಿನ ಮೇಲೆ ಹಾಸನ ಸುಮಾರು 60 ಕಿ.ಮೀ. ಎಂಟಕ್ಕೆ ಬಸ್ಸು ಹತ್ತಿದರೆ ಶಟರ್ ಎತ್ತುವ ಹೊತ್ತಿಗೆ ಮುಟ್ಟುತ್ತೀರಿ. ಭಾನುವಾರ ಬೇಡ, ಶೋರೂಮು ತೆರೆದಿದ್ದರೂ ಮೆಕ್ಯಾನಿಕ್ ರಜೆಯಲ್ಲಿರಬಹುದು. ಬೆಳಿಗ್ಗೆ ಬರೀ ನೋಡಿ, ಊಟಕ್ಕೆ ಮುಂಚೆ ಅಡ್ವಾನ್ಸು ಕೊಡಬೇಡಿ.

ಫ್ರೇಮಿನ ಅಳತೆ ಮನೆಯಲ್ಲೇ ತೆಗೆದಿರಬೇಕು. ಬರಿಗಾಲಲ್ಲಿ ಗೋಡೆಗೆ ಒರಗಿ ನಿಂತು, ತೊಡೆಸಂದಿಗೆ ಪುಸ್ತಕ ಒತ್ತಿ ಹಿಡಿದು ನೆಲದಿಂದ ಅದರ ಮೇಲಂಚಿನವರೆಗೆ ಅಳೆಯಿರಿ. ಅದನ್ನು 0.57ರಿಂದ ಗುಣಿಸಿದರೆ ಮೌಂಟನ್ ಬೈಕಿನ ಫ್ರೇಮು ಸರಿಸುಮಾರು ಸಿಗುತ್ತದೆ: 76 ಸೆಂ.ಮೀ. ಕಾಲಿಗೆ 43 ಸೆಂ.ಮೀ., ಅಂದರೆ 17 ಇಂಚು. ಮೇಲಿನ ಪೈಪಿಗೆ ಕಾಲು ಅಡ್ಡ ಹಾಕಿ ನಿಂತಾಗ 5 ಸೆಂ.ಮೀ. ಎಡೆ ಉಳಿಯಬೇಕು. ‘ಸೀಟು ಇಳಿಸಿದರೆ ಆಯ್ತು ಸಾರ್’ ಎಂದರೆ ಒಪ್ಪಬೇಡಿ. ಸೀಟು ಇಳಿದರೂ ಹ್ಯಾಂಡಲ್ ದೂರವೇ ಉಳಿಯುತ್ತದೆ, ಬೆನ್ನು ನೋಯುತ್ತದೆ.

ಗೇರಿನ ವಿಷಯಕ್ಕೆ ಸ್ವಲ್ಪ ಹೊತ್ತು ಕೊಡಿ, ಏಕೆಂದರೆ ನೀವು ಹಾಸನದ ಬಿ.ಎಂ. ರಸ್ತೆಯಲ್ಲಿ ಓಡಿಸಿ ನೋಡುತ್ತೀರಿ, ಆಮೇಲೆ ಘಟ್ಟ ಹತ್ತಿಸುವುದು ಮುಳ್ಳಯ್ಯನಗಿರಿ ದಾರಿಯ ಕೈಮರದಿಂದ ಮೇಲಕ್ಕೆ. ಮುಳ್ಳಯ್ಯನಗಿರಿ 1,930 ಮೀಟರ್. ‘21 ಗೇರ್’ ಎಂಬ ಸ್ಟಿಕ್ಕರ್ ಅಲ್ಲ, ಹಲ್ಲು ಎಣಿಸಿ. ಮುಂದಿನ ಚಿಕ್ಕ ಚಕ್ರಕ್ಕೆ 24, ಹಿಂದಿನ ದೊಡ್ಡದಕ್ಕೆ 28 ಹಲ್ಲಿದ್ದರೆ ಪೆಡಲ್ ಒಂದು ಸುತ್ತಿಗೆ 26 ಇಂಚಿನ ಸೈಕಲ್ ಸುಮಾರು 1.8 ಮೀಟರ್ ಹೋಗುತ್ತದೆ. ಮುಂದೆ 44, ಹಿಂದೆ 18 ಹಲ್ಲಿನ ಗೇರಿಲ್ಲದ ಸೈಕಲ್ಲಿನಲ್ಲಿ 5 ಮೀಟರ್. ಘಟ್ಟದಲ್ಲಿ ಅದನ್ನು ತಳ್ಳಿಕೊಂಡೇ ಹೋಗಬೇಕು. ಹಿಂದೆ 34 ಹಲ್ಲು ಸಿಕ್ಕರೆ ಇನ್ನೂ ಹಗುರ. ಅಗ್ಗದ ಸ್ಪ್ರಿಂಗ್ ಶಾಕ್ ಬಗ್ಗೆ ಹುಡುಗರಿಗೆ ಆಸೆ ಜಾಸ್ತಿ. ಅದು ತೂಕ ಹೆಚ್ಚಿಸುತ್ತದೆ, ಏರಿನಲ್ಲಿ ತುಳಿದ ಬಲವನ್ನು ನುಂಗುತ್ತದೆ. ಆ ದುಡ್ಡನ್ನು ಬ್ರೇಕಿಗೆ ಹಾಕುವುದು ಮೇಲು. ಮಲೆನಾಡಿನ ಮಳೆಯಲ್ಲಿ ರಿಮ್ ಬ್ರೇಕಿನ ರಬ್ಬರಿಗೆ ಮರಳು ಕಚ್ಚಿಕೊಂಡು ಅಲ್ಯೂಮಿನಿಯಂ ರಿಮ್ಮನ್ನೇ ಅರೆಯುತ್ತದೆ. ಪ್ಯಾಡು ಸಿಗುವ ಊರಾದರೆ ಡಿಸ್ಕ್ ತೆಗೆದುಕೊಳ್ಳಿ.

ಹೊಸ ಸೈಕಲ್ ಪೆಟ್ಟಿಗೆಯಲ್ಲಿ ಅರೆಬರೆ ಜೋಡಿಸಿ ಬರುತ್ತದೆ, ಉಳಿದದ್ದು ಅಂಗಡಿಯ ಕೈಯಲ್ಲಿ. ತಪ್ಪಾಗುವುದೂ ಅಲ್ಲೇ. ಮುಂದಿನ ಬ್ರೇಕು ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲುಗಾಡಿಸಿ. ಹ್ಯಾಂಡಲ್ ಬುಡದಲ್ಲಿ ಟಕ್ ಎಂದರೆ ಹೆಡ್‌ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗು, ಸಡಿಲ. ಪೆಡಲ್ ಕ್ರ್ಯಾಂಕನ್ನು ಅಕ್ಕಪಕ್ಕ ಎಳೆದು ಆಟ ಇದೆಯೇ ನೋಡಿ. ಚಕ್ರ ಎತ್ತಿ ತಿರುಗಿಸಿ, ಬ್ರೇಕ್ ಪ್ಯಾಡಿಗೂ ರಿಮ್ಮಿಗೂ ನಡುವಿನ ಸಂದಿ ಒಂದೇ ಸಮ ಇರಬೇಕು. ಓಲಾಡಿದರೆ ಅಲ್ಲೇ ಕಡ್ಡಿ ಬಿಗಿಸಿ ಬೆಂಡು ತೆಗೆಸಿ. ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಹಿಂದುಮುಂದಾಗಿ ಕೂತಿರುವುದೂ ಉಂಟು: ಮುಂದಿನ ಡಿಸ್ಕ್ ಓಡಿಸುವವರ ಎಡಕ್ಕೇ ಇರಬೇಕು.

ಸೆಕೆಂಡ್ ಹ್ಯಾಂಡ್ ಆದರೆ ಚೈನನ್ನು ಅಳೆಯಿರಿ. ಪಿನ್ನಿನಿಂದ ಪಿನ್ನಿಗೆ 24 ಕೊಂಡಿ ಹೊಸದರಲ್ಲಿ 304.8 ಮಿ.ಮೀ. 306.5 ದಾಟಿದ್ದರೆ ಚೈನು ಬದಲಿಸಬೇಕು, 308 ದಾಟಿದ್ದರೆ ಹಿಂದಿನ ಹಲ್ಲುಚಕ್ರವಾದ ಫ್ರೀವೀಲನ್ನೂ, ಏಕೆಂದರೆ ಸವೆದ ಪಿನ್ನುಗಳು ಅಷ್ಟರಲ್ಲಿ ಹಲ್ಲನ್ನೂ ತಿಂದಿರುತ್ತವೆ. ಹೊಸ ಚೈನು ಹಾಕಿದರೆ ಜಾರುತ್ತದೆ. ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಪೆಡಲ್ ಬುಡದ ಪೈಪಿನ ತಳದಲ್ಲಿ ಸಾಮಾನ್ಯವಾಗಿ ಫ್ರೇಮ್ ನಂಬರ್ ಇರುತ್ತದೆ. ಅದನ್ನು ಉಜ್ಜಿ ಅಳಿಸಿದ್ದರೆ ಮಾತಿಲ್ಲದೆ ಎದ್ದು ಬನ್ನಿ. ಹೊಸದರ ಬಿಲ್ಲಿನಲ್ಲೂ ಆ ನಂಬರ್ ಬರೆಸಿಕೊಳ್ಳಿ.

ಚೌಕಾಸಿಯಲ್ಲಿ ರೊಕ್ಕ ಇಳಿಸುವುದಕ್ಕಿಂತ ಸಾಮಾನು ಕೇಳುವುದು ಸಲೀಸು: ಉದ್ದನೆಯ ಮಡ್‌ಗಾರ್ಡ್, ಸ್ಟ್ಯಾಂಡು, ಬೆಲ್ಲು, ಬೀಗ. ಮೊದಲ ಸರ್ವೀಸು ಎಷ್ಟು ದಿನದೊಳಗೆ ಎಂದೂ ಬರೆಸಿ. ಮೊದಲ ನೂರು ಕಿಲೋಮೀಟರಿನಲ್ಲಿ ಕೇಬಲ್ಲು, ಕಡ್ಡಿ ಸಡಿಲಾಗುತ್ತವೆ. ಹಾಗಾಗಿ ಹೊಸ ಸೈಕಲ್ಲನ್ನು ಅಂದೇ ಬೇಲೂರಿನವರೆಗೆ ಓಡಿಸುವ ಹುಮ್ಮಸ್ಸು ಬೇಡ.

ಬಸ್ಸಿಗೆ ಹಾಕುವ ಮೊದಲು ಲಗೇಜಿನ ಬಗ್ಗೆ ಕಂಡಕ್ಟರ್ ಹತ್ತಿರ ಮಾತಾಡಿ. ಮುಂದಿನ ಚಕ್ರ ಬಿಚ್ಚಿ, ಹ್ಯಾಂಡಲ್ ತಿರುಗಿಸಿ, ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಡಿರೇಲರ್ ಇರುವ ಬಲಬದಿ ಮೇಲೆ ಬರುವಂತೆ ಮಲಗಿಸಿ. ಹೈಡ್ರಾಲಿಕ್ ಡಿಸ್ಕ್ ಇದ್ದರೆ ಚಕ್ರ ಬಿಚ್ಚಿದ ಮೇಲೆ ಬ್ರೇಕ್ ಒತ್ತಬೇಡಿ. ಪ್ಯಾಡುಗಳ ನಡುವೆ ಮಡಿಸಿದ ರಟ್ಟು ಸಿಕ್ಕಿಸಿಡಿ. ಪೆಡಲ್ ಬಿಚ್ಚುವಾಗ ಎಡಗಡೆಯದ್ದು ಉಲ್ಟಾ ಮರೆ (ತಿರುಪಿನ ಗೆರೆ), ಪ್ರದಕ್ಷಿಣೆಯಾಗಿ ತಿರುಗಿಸಿದರೆ ಸಡಿಲುತ್ತದೆ. ಮತ್ತೆ ಹಾಕುವಾಗ ಮರೆಗೆ ಗ್ರೀಸ್ ಸವರಿ, ಮೊದಲ ಮೂರು ಸುತ್ತು ಬೆರಳಿನಲ್ಲೇ ಹೋಗಬೇಕು.