ಸ್ಕೇಲ್ ಇಳಿಸಿದ ಮೇಲೆ ಸಭೆ ಹಾಡಿತು

"ಹಾಡೋದು ನಿನ್ನ ಕೆಲಸ, ಕುರಿ ಕಾಯೋದು ಅಯ್ಯನವರ ಕೆಲಸ" ಅಂತ ಚರ್ಚಿನ ಕಮಿಟಿಯಲ್ಲೇ ಹಿರಿಯರೊಬ್ಬರು ಮುಖಕ್ಕೆ ಹೇಳಿದ್ದರು. ಕುರಿ ಅಂದರೆ ಸಭೆಯ ಜನ, ಅಯ್ಯನವರು ಅಂದರೆ ಪಾಸ್ಟರು; ನಾನು ಆರಾಧನೆಯಲ್ಲಿ ಹಾಡು ನಡೆಸೋನು. ಹಾಡು ನಡೆಸೋನೂ ಅರ್ಧ ಪಾಸ್ಟರೇ ಅನ್ನೋದು ನನ್ನ ವಾದ. ಈಗ ಆ ಹಿರಿಯರೇ "ಈ ವಾರ ಯಾವ ಹಾಡಪ್ಪ?" ಅಂತ ಕೇಳ್ತಾರೆ. ಅದಕ್ಕೇ ಬರೀತಿದ್ದೀನಿ.

ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ನಮ್ಮದು ನೂರು, ನೂರಿಪ್ಪತ್ತು ಜನರ ಸಭೆ. ಬೆಂಗಳೂರಿನ ಸಭೆಗಳನ್ನ ನೋಡಿ ಸೌಂಡ್ ಮಿಕ್ಸರ್, ಸಬ್‌ವೂಫರ್, ಎಲೆಕ್ಟ್ರಾನಿಕ್ ಡ್ರಮ್ ಪ್ಯಾಡು ಅಂತ ಹೆಚ್ಚುಕಮ್ಮಿ ಒಂದೂವರೆ ಲಕ್ಷ ಸುರಿದೆವು. ಅರ್ಧ ಕಾಣಿಕೆ, ಅರ್ಧ ಸಾಲ. ಸದ್ದು ಜೋರಾಯ್ತು, ಜನ ಬಾಯಿ ಮುಚ್ಚಿದರು. ಪ್ರೊಜೆಕ್ಟರ್ ಬಂದ ಮೇಲೆ ಗೋಡೆ ನೋಡಿಕೊಂಡು ಸುಮ್ಮನೆ ನಿಂತರು.

ಕಾರಣ ಸಿಕ್ಕಿದ್ದು ಶನಿವಾರ ಸಂಜೆ ಮನೆಮನೆಗೆ ಹೋಗೋಕೆ ಶುರು ಮಾಡಿದ ಮೇಲೆ. ಚಾಂಪಿಯನ್ ರೀಫ್ಸ್ ಲೈನ್ ಮನೆಗಳಲ್ಲಿ, 2001ರಲ್ಲಿ ಗಣಿ ಮುಚ್ಚಿದಾಗ ಕೆಲಸ ಹೋದ ತಾತಂದಿರಿದ್ದಾರೆ. ಕಲ್ಲಿನ ಧೂಳು ಕುಡಿದ ಎದೆ, ಎರಡು ಸಾಲಿಗೇ ದಮ್ಮು. ನಾವೋ ರೆಕಾರ್ಡಿಂಗ್‌ನಲ್ಲಿದ್ದ ಹಾಗೇ 'ಎ' ಸ್ಕೇಲ್‌ನಲ್ಲಿ, ಅಂದರೆ ಅವರಿಗೆ ಎಟುಕದ ಎತ್ತರದ ಶ್ರುತಿಯಲ್ಲಿ, ಎತ್ತುತ್ತಿದ್ದೆವು. 'ಎಫ್'ಗೆ ಇಳಿಸಿ, ಸಾಲಿನ ನಡುವೆ ಉಸಿರಿಗೆ ಜಾಗ ಬಿಟ್ಟೆ. ಕೀಬೋರ್ಡ್ ಹುಡುಗ "ಸಪ್ಪೆ ಬ್ರದರ್" ಅಂದ. ಒಂದೆರಡು ತಿಂಗಳಿಗೆ ಹಿಂದಿನ ಬೆಂಚಿನಿಂದ ಗಂಡಸರ ದನಿ ಎದ್ದು ಬಂತು. ಇದಕ್ಕೆ ಖರ್ಚಾಗಿದ್ದು ತಿಂಗಳಿಗೆ ಐನೂರು, ಆರುನೂರರ ಪೆಟ್ರೋಲು.

ಬೆಳಗಿನ ಜಾವ ಬೆಂಗಳೂರಿಗೆ ಹೋಗೋ ಮಾರಿಕುಪ್ಪಂ ರೈಲು ಹಿಡಿಯೋ ಹುಡುಗರಿಗೆ ಏಳು ಹಾಡು ಯಾಕೆ? ನಾಲ್ಕು ಸಾಕು. ಒಂದನ್ನ ಬಿಡದೆ ಮೂರು ವಾರ ಹಾಡಿಸಿದರೆ ರೈಲಲ್ಲೂ ಗುನುಗ್ತಾರೆ.

ಒಂದೇ ಹಾಡಿಗೆ ಕನ್ನಡ, ತಮಿಳು, ತೆಲುಗು ಚರಣ ಸೇರಿಸಿಯೂ ನೋಡಿದೆ. ಕೆಟ್ಟಿತು, ಯಾರಿಗೂ ಪೂರ್ತಿ ಬರಲಿಲ್ಲ. ಈಗ ಇಡೀ ಹಾಡು ಒಂದೇ ಭಾಷೆ, ಅಜ್ಜಿಯರಿಗೆ ಒಂದು ತಮಿಳಿನದು ಖಾಯಂ. ಪ್ಯಾಡಿನ ಬದಲು ಕಹೋನ್, ಅಂದರೆ ಮೇಲೆ ಕೂತು ಕೈಯಲ್ಲಿ ಬಡಿಯೋ ಮರದ ಪೆಟ್ಟಿಗೆ, ಇಟ್ಟಿದ್ದು ಮಾತ್ರ ಚೆನ್ನಾಗಿ ಹೊಂದಿತು.

ಸಾವಾದ ಮನೆಯವರು ಮುಂದೆ ಕೂತಿದ್ದರೆ ಚಪ್ಪಾಳೆ ಹಾಡು ಎತ್ತಲ್ಲ. ಬೈಬಲ್ಲಿನ 88ನೇ ಕೀರ್ತನೆ ಓದಿಸಿದಾಗ "ನೆಗೆಟಿವ್ ಬೇಡ" ಅಂದರು, ಅದು ಕತ್ತಲೆಯಲ್ಲೇ ಮುಗಿಯುತ್ತಲ್ಲ. ಅದರ ತಲೆಬರಹ ತೋರಿಸಿದೆ: ಹೇಮಾನ. ರಾಜ ದಾವೀದ ನೇಮಿಸಿದ ಗಾಯಕರ ಮುಖಂಡರಲ್ಲೂ ಆ ಹೆಸರೇ ಇದೆ. ಮತ್ತೆ ಯಾರೂ ಮಾತಾಡಲಿಲ್ಲ. ಆ ವಾರ ಗಂಡನನ್ನ ಕಳಕೊಂಡ ಅಕ್ಕ ಮಾತ್ರ, ಇನ್ನೊಂದು ಸಲ ಓದಿಸು ಅಂದರು.

ಕೊನೆಯ ಹಾಡನ್ನ ಹೇಗೆ ಆರಿಸ್ತೀನಿ ಅಂತ ಹೇಳಲ್ಲ. ನಮ್ಮ ಕೀಬೋರ್ಡ್ ಹುಡುಗನಿಗೇ ಇನ್ನೂ ಹೇಳಿಲ್ಲ.